ಸ್ನಾಯು ಸಂಶೋಧನೆಯ ಶಿಕ್ಷಣ: ರಾಜ್ಯದ ಗಡಿಯನ್ನು ಕೇಳದ ಬಾಗಿಲುಗಳು

ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಗಳಲ್ಲಿ ನಡೆಯುವ ಸಮಾಲೋಚನೆ ಬಹುಮಟ್ಟಿಗೆ ಎರಡು ಪದಗಳ ಸುತ್ತಲೇ ತಿರುಗುತ್ತದೆ: ಡಾಕ್ಟರ್, ಇಂಜಿನಿಯರ್. ಅಂಕಗಳು ಚೆನ್ನಾಗಿದ್ದರೆ ಲಾತೂರಿನ ನೀಟ್ ತರಗತಿಗೆ ಸೇರಿಸಬೇಕೋ, ಬೀದರಿನ ಕಾಲೇಜಿಗೆ ಕಳುಹಿಸಬೇಕೋ ಎಂಬ ಪ್ರಶ್ನೆ ಏಳುತ್ತದೆ. ರೋಗಕ್ಕೆ ಮದ್ದು ಕೊಡುವವರ ಹಿಂದೆ ರೋಗದ ಕಾರಣವನ್ನು ಶೋಧಿಸುವವರ ದೊಡ್ಡ ಬಳಗವೊಂದಿದೆ ಎಂಬುದು ಈ ಚರ್ಚೆಯಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ. ಸ್ನಾಯು ಜೀವವಿಜ್ಞಾನ ಮತ್ತು ನರ-ಸ್ನಾಯು ರೋಗಗಳ ಸಂಶೋಧನೆ ಅಂಥ ಒಂದು ಕ್ಷೇತ್ರ. ಈ ಕ್ಷೇತ್ರದಲ್ಲಿ ಭಾರತದ ಮುಂಚೂಣಿಯ ಸಂಸ್ಥೆಗಳು ಈ ಮೂರು ತಾಲೂಕುಗಳಿಗೆ ಹತ್ತಿರವಾದ ಹೈದರಾಬಾದಿನಲ್ಲಿಯೂ ಕನ್ನಡವೇ ನಾಡಭಾಷೆಯಾದ ಬೆಂಗಳೂರಿನಲ್ಲಿಯೂ ಇವೆ. ಅವುಗಳ ಪ್ರವೇಶಕ್ಕೆ ಯಾವ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ ಬೇಕಾಗಿಲ್ಲ.

ಏನಿದು ಸ್ನಾಯು ವಿಜ್ಞಾನ?

ಮನುಷ್ಯನ ದೇಹದಲ್ಲಿ ಎಲುಬುಗಳಿಗೆ ಅಂಟಿಕೊಂಡ 600ಕ್ಕೂ ಹೆಚ್ಚು ಸ್ನಾಯುಗಳಿವೆ. ನಡೆಯುವುದು, ನುಂಗುವುದು, ಉಸಿರಾಡುವುದು, ಲೇಖನಿ ಹಿಡಿಯುವುದು ಎಲ್ಲವೂ ಅವುಗಳ ಕೆಲಸ. ಮೆದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯ ನರಕೋಶದ ಮೂಲಕ ಸಾಗಿ, ನರವು ಸ್ನಾಯುವನ್ನು ಸೇರುವ ಸಂಧಿಯನ್ನು ದಾಟಿ, ಸ್ನಾಯುಕೋಶವನ್ನು ಸಂಕುಚಿಸುತ್ತದೆ. ಈ ದಾರಿಯ ಯಾವ ಹಂತದಲ್ಲಿ ದೋಷವುಂಟಾದರೂ ಅದು ನರ-ಸ್ನಾಯು ರೋಗವೆನಿಸುತ್ತದೆ. ಬೆನ್ನುಹುರಿಯ ನರಕೋಶಗಳು ನಶಿಸಿದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸಂಧಿಯಲ್ಲಿ ಸಂದೇಶ ತಡೆಗೊಂಡರೆ ಮಯಸ್ತೇನಿಯಾ ಗ್ರೇವಿಸ್, ಸ್ನಾಯುಕೋಶವೇ ಹರಿದು ಕ್ಷಯಿಸಿದರೆ ಮಸ್ಕ್ಯುಲರ್ ಡಿಸ್ಟ್ರೋಫಿ.

ಈ ಕೊನೆಯ ಗುಂಪಿನಲ್ಲಿ ಮಕ್ಕಳಿಗೆ ಅತಿ ಕಠೋರವಾದುದು ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಡುಶೇನನ ಹೆಸರನ್ನು ಅದು ಹೊತ್ತಿದೆ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆಂದು ವೈದ್ಯಶಾಸ್ತ್ರ ಅಂದಾಜಿಸಿದೆ. ಮೂರರಿಂದ ಐದು ವರ್ಷದ ಹುಡುಗ ಪದೇ ಪದೇ ಬೀಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ, ಮೆಟ್ಟಿಲು ಹತ್ತಲು ಕಷ್ಟಪಡುತ್ತಾನೆ. ಮೀನಖಂಡಗಳು ದಪ್ಪವಾಗಿ ಬಲವಾಗಿರುವಂತೆ ತೋರುತ್ತವೆ. ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ತನ್ನನ್ನೇ ತಾನು ಹತ್ತುವವನಂತೆ ಏಳುತ್ತಾನೆ. ಇಂಗ್ಲೆಂಡಿನ ವೈದ್ಯ ಗವರ್ಸನ ಹೆಸರಿನಲ್ಲಿ ಈ ಲಕ್ಷಣವನ್ನು ಕರೆಯುತ್ತಾರೆ. ಹದಿಹರೆಯದ ಹೊಸ್ತಿಲಲ್ಲಿ ನಡಿಗೆ ನಿಲ್ಲುತ್ತದೆ. ಮುಂದೆ ಹೃದಯ ಮತ್ತು ಶ್ವಾಸದ ಸ್ನಾಯುಗಳೂ ಸೋಲುತ್ತವೆ.

ಇದರ ಕಾರಣವನ್ನು ಶೋಧಿಸಿದ ಕಥೆಯೇ ಈ ಕ್ಷೇತ್ರದ ಸ್ವರೂಪವನ್ನು ತಿಳಿಸುತ್ತದೆ. 1980ರ ದಶಕದಲ್ಲಿ ಅಮೆರಿಕದ ಲೂಯಿ ಕುಂಕೆಲ್ ಮತ್ತು ಅವರ ಸಹೋದ್ಯೋಗಿಗಳು ಎಕ್ಸ್ ವರ್ಣತಂತುವಿನ ಮೇಲೆ ಈ ರೋಗದ ಜೀನನ್ನು ಗುರುತಿಸಿ, 1987ರಲ್ಲಿ ಅದು ತಯಾರಿಸುವ ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಮನುಷ್ಯನಲ್ಲಿ ತಿಳಿದಿರುವ ಜೀನ್‌ಗಳಲ್ಲಿ ಇದು ಅತಿ ದೊಡ್ಡದು. ಇದರಲ್ಲಿ 79 ಎಕ್ಸಾನ್‌ಗಳಿವೆ. ಸ್ನಾಯುಕೋಶ ಪ್ರತಿ ಬಾರಿ ಸಂಕುಚಿಸಿದಾಗಲೂ ಅದರ ಪೊರೆ ಹರಿಯದಂತೆ ಹಿಡಿದಿಡುವುದು ಡಿಸ್ಟ್ರೋಫಿನ್‌ನ ಕೆಲಸ. ಅದಿಲ್ಲದಿದ್ದರೆ ಪೊರೆ ಹರಿಯುತ್ತದೆ, ಕೋಶ ಸಾಯುತ್ತದೆ, ಆ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ.

ಮಹಾರಾಷ್ಟ್ರ ಮಂಡಳಿಯ ಹತ್ತನೆಯ ತರಗತಿಯ ವಿಜ್ಞಾನ ಮತ್ತು ತಂತ್ರಜ್ಞಾನ ಭಾಗ 2ರ ಮೊದಲ ಪಾಠವೇ ಅನುವಂಶೀಯತೆ ಮತ್ತು ಉತ್ಕ್ರಾಂತಿಯನ್ನು ಕುರಿತದ್ದು. ಬಾಲಭಾರತಿಯ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಪ್ರಕಟವಾಗುತ್ತವೆ. ಡಿಎನ್‌ಎಯಿಂದ ಪ್ರೋಟೀನ್ ಹೇಗೆ ತಯಾರಾಗುತ್ತದೆಂದು ಕನ್ನಡದಲ್ಲಿಯೇ ಅರ್ಥಮಾಡಿಕೊಂಡ ವಿದ್ಯಾರ್ಥಿ ಈ ಸಂಶೋಧನೆಯ ಮೊದಲ ಮೆಟ್ಟಿಲನ್ನು ಈಗಾಗಲೇ ಹತ್ತಿದ್ದಾನೆ.

ಎಲ್ಲಿ ನಡೆಯುತ್ತಿದೆ ಈ ಕೆಲಸ?

ಮೊದಲ ಹೆಸರು ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡ ಈ ಸಂಸ್ಥೆಗೆ 2012ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ದೊರಕಿತು. ಇಲ್ಲಿಯ ನರರೋಗ ತಜ್ಞೆ ಎಂ. ಗೌರಿದೇವಿಯವರು ಸಹೋದ್ಯೋಗಿಗಳೊಡನೆ 1984ರಲ್ಲಿ, ಯುವಕರ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಸ್ಥಿತಿಯನ್ನು ವಿವರಿಸಿ ಅದಕ್ಕೆ ಮೋನೋಮೆಲಿಕ್ ಅಮಯೋಟ್ರೋಫಿ ಎಂಬ ಹೆಸರನ್ನು ಕೊಟ್ಟರು. ಅದು ಕೆಲವು ವರ್ಷಗಳ ನಂತರ ಮುಂದುವರಿಯದೆ ನಿಲ್ಲುವ ರೋಗವೆಂದು ತೋರಿಸಿದ್ದರಿಂದ, ಪ್ರಾಣಾಂತಿಕ ವ್ಯಾಧಿಯೆಂದು ಹೆದರಿದ್ದ ಅನೇಕರಿಗೆ ನಿಜಸ್ಥಿತಿ ತಿಳಿಯಿತು. ಅವರು ಮುಂದೆ ಅದೇ ಸಂಸ್ಥೆಯ ನಿರ್ದೇಶಕಿಯಾದರು. ಇಂದು ಜಗತ್ತಿನ ನರರೋಗ ಗ್ರಂಥಗಳಲ್ಲಿ ಈ ಹೆಸರು ಸೇರಿದೆ.

ರೋಗಿಯನ್ನು ನೋಡದೆಯೂ ಸ್ನಾಯುವನ್ನು ಅಭ್ಯಸಿಸುವ ಪ್ರಯೋಗಾಲಯಗಳು ಇನ್ನೊಂದು ಬಗೆಯವು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಅವರು ಹಣ್ಣಿನ ನೊಣದ ಹಾರುವ ಸ್ನಾಯುಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ದಶಕಗಳ ಕಾಲ ಅಭ್ಯಸಿಸಿದರು. ಮುಂದೆ ಅವರು ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರೂ ಆದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪೇಂದ್ರ ನೊಂಗ್ತೊಂಬಾ ಅವರ ಪ್ರಯೋಗಾಲಯವೂ ಇದೇ ನೊಣದ ಸ್ನಾಯುಗಳ ಮೇಲೆ ಕೆಲಸ ಮಾಡಿದೆ. ಬಾಳೆಹಣ್ಣಿನ ಮೇಲೆ ಕೂರುವ ನೊಣದಿಂದ ಮನುಷ್ಯನ ರೋಗ ತಿಳಿಯುವುದುಂಟೇ ಎಂಬ ಸಂದೇಹ ಸಹಜ. ನೊಣದ ಸ್ನಾಯುವಿನಲ್ಲಿಯೂ ಆಕ್ಟಿನ್, ಮಯೋಸಿನ್ ಎಂಬ ಅವೇ ಪ್ರೋಟೀನುಗಳಿವೆ. ಒಂದು ಜೀನನ್ನು ಕೆಡಿಸಿದರೆ ಕೆಲವೇ ವಾರಗಳಲ್ಲಿ ಅದರ ಪರಿಣಾಮ ಕಾಣುತ್ತದೆ. ಹಾರಲಾರದ ನೊಣವೇ ಅಲ್ಲಿ ರೋಗಿ.

ಹೈದರಾಬಾದಿನ ಸಿಸಿಎಂಬಿಯಲ್ಲಿ ಜ್ಯೋತ್ಸ್ನಾ ಧವನ್ ಅವರು ಸ್ನಾಯುವಿನ ಕಾಂಡಕೋಶಗಳನ್ನು ಅಭ್ಯಸಿಸಿದ್ದಾರೆ. ಗಾಯಗೊಂಡ ಸ್ನಾಯುವನ್ನು ಮತ್ತೆ ಕಟ್ಟುವ ಈ ಕೋಶಗಳು ಸಾಮಾನ್ಯ ಸ್ಥಿತಿಯಲ್ಲಿ ನಿದ್ರಿಸುತ್ತಿರುತ್ತವೆ. ಅವು ಏಳುವುದು ಹೇಗೆ, ಮತ್ತೆ ನಿದ್ರೆಗೆ ಮರಳುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. ಉದಗೀರದಿಂದ ಭಾಲ್ಕಿ, ಬೀದರ ಮಾರ್ಗವಾಗಿ ವಿಕಾರಾಬಾದಿಗೆ ಹೋಗುವ ರೈಲು ಹಳಿಯ ಆ ತುದಿಯಲ್ಲಿ, ಸೊಲ್ಲಾಪುರದಿಂದ ಉಮರ್ಗಾದ ಮೂಲಕ ಸಾಗುವ ಹೆದ್ದಾರಿಯ ಆ ತುದಿಯಲ್ಲಿ ಈ ಸಂಸ್ಥೆ ಇದೆ.

ಹಳ್ಳಿಯ ಶಾಲೆಯಿಂದ ಪ್ರಯೋಗಾಲಯದವರೆಗೆ

ಈ ಕ್ಷೇತ್ರವನ್ನು ಸೇರಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಮೂಲವಿಜ್ಞಾನದ ದಾರಿ. ಹನ್ನೆರಡನೆಯ ತರಗತಿಯ ನಂತರ ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ರಸಾಯನಶಾಸ್ತ್ರದಲ್ಲಿ ಬಿಎಸ್‌ಸಿ. ಇದನ್ನು ಸ್ವಂತ ಊರಿನ ಸಮೀಪದಲ್ಲಿಯೇ ಮಾಡಬಹುದು. ಲಾತೂರ ಜಿಲ್ಲೆಯ ಕಾಲೇಜುಗಳು ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯಕ್ಕೂ, ಉಮರ್ಗಾದ ಕಾಲೇಜುಗಳು ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯಕ್ಕೂ ಸೇರಿವೆ. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪರೀಕ್ಷೆಯ ಮೂಲಕ ಪ್ರವೇಶವಿದೆ. ಸ್ನಾತಕ ಮಟ್ಟದ ಆ ಪರೀಕ್ಷೆಯನ್ನು ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು. ಹನ್ನೆರಡನೆಯ ತರಗತಿಯ ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇ. 1ರಷ್ಟು ವಿದ್ಯಾರ್ಥಿಗಳಲ್ಲಿ ಸೇರಿ, ಮೂಲವಿಜ್ಞಾನವನ್ನು ಆಯ್ದುಕೊಂಡವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯ ವಿದ್ಯಾರ್ಥಿವೇತನವಿದೆ. ಬಿಎಸ್‌ಸಿ, ಎಂಎಸ್‌ಸಿ ಓದುತ್ತಿರುವಾಗಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಷಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳ ಕಾಲ ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಕಲಿಯಬಹುದು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ಈ ಎರಡು ತಿಂಗಳು ಬಹಳ ಬೆಲೆಯುಳ್ಳವು. ಸೂಕ್ಷ್ಮದರ್ಶಕದಡಿಯಲ್ಲಿ ಜೀವಂತ ಸ್ನಾಯುಕೋಶವನ್ನು ಅವನು ಮೊದಲು ನೋಡುವುದು ಅಲ್ಲಿಯೇ ಆಗಬಹುದು.

ಎಂಎಸ್‌ಸಿಗೆ ಐಐಟಿ ಜಾಮ್ ಅಥವಾ ಗ್ಯಾಟ್-ಬಿ ಪರೀಕ್ಷೆಗಳಿವೆ. ಎಂಎಸ್‌ಸಿಯ ನಂತರ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಜೀವವಿಜ್ಞಾನ ವಿಷಯದಲ್ಲಿ ಕಿರಿಯ ಸಂಶೋಧನಾ ಫೆಲೋ ಆಗಿ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000 ರೂಪಾಯಿ ನಿಗದಿಯಾಗಿದೆ. ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಎಂದರೆ ತಂದೆಯ ಖರ್ಚಿನಲ್ಲಿ ಇನ್ನೂ ಐದು ವರ್ಷ ಓದುವುದು ಎಂಬ ಭಾವನೆಯನ್ನು ಈ ಅಂಕೆಗಳು ತಿದ್ದುತ್ತವೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಂಥ ಸಂಸ್ಥೆಗಳಿಗೆ ಜೆಜಿಇಇಬಿಐಎಲ್‌ಎಸ್ ಎಂಬ ಜಂಟಿ ಪರೀಕ್ಷೆಯಿದೆ. ನಿಮ್ಹಾನ್ಸ್ ತನ್ನ ಪಿಎಚ್‌ಡಿ ಪ್ರವೇಶಕ್ಕೆ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ.

ಎರಡನೆಯದು ವೈದ್ಯರ ದಾರಿ: ಎಂಬಿಬಿಎಸ್, ನಂತರ ವೈದ್ಯಶಾಸ್ತ್ರ ಅಥವಾ ಮಕ್ಕಳ ವಿಭಾಗದಲ್ಲಿ ಎಂಡಿ, ನಂತರ ನರರೋಗಶಾಸ್ತ್ರದಲ್ಲಿ ಡಿಎಂ, ಕೊನೆಗೆ ನರ-ಸ್ನಾಯು ರೋಗಗಳಲ್ಲಿ ಫೆಲೋಷಿಪ್. ಇದು ಬಹು ದೀರ್ಘ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ 2017ರಿಂದ ಇದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆಂದು ಇತ್ತೀಚಿನ ವರ್ಷಗಳ ಮಾಹಿತಿ ಪುಸ್ತಕಗಳು ಹೇಳಿವೆ. ಲಾತೂರನ್ನು ಕೇಂದ್ರವಾಗಿ ಆಯ್ದುಕೊಂಡವರಿಗೆ ಅದು ಸಿಗದು. ಕಲಬುರಗಿಯಂಥ ಕೇಂದ್ರವನ್ನು ಆಯ್ದುಕೊಳ್ಳಬೇಕು. ಅರ್ಜಿ ತುಂಬುವ ದಿನವೇ ಇದನ್ನು ಗಮನಿಸತಕ್ಕದ್ದು.

ಮೂರನೆಯದು ಸಹವೈದ್ಯಕೀಯ ದಾರಿ. ಭೌತಚಿಕಿತ್ಸೆ, ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆ ನಡೆಸುವ ತಂತ್ರಜ್ಞರ ಶಿಕ್ಷಣ, ಅನುವಂಶೀಯ ಸಲಹೆ ಇವು ಇದರಲ್ಲಿ ಸೇರುತ್ತವೆ. ನಿಮ್ಹಾನ್ಸ್‌ನಲ್ಲಿ ನರವಿದ್ಯುತ್ ತಂತ್ರಜ್ಞರ ತರಬೇತಿ ಬಹುಕಾಲದಿಂದ ನಡೆದುಬಂದಿದೆ. ಮಣಿಪಾಲದಲ್ಲಿ ಅನುವಂಶೀಯ ಸಲಹೆಯ ಎಂಎಸ್‌ಸಿ ಇದೆ. ಈ ಶಿಕ್ಷಣ ಪಡೆದವರು ಜಿಲ್ಲಾ ಕೇಂದ್ರಗಳಲ್ಲಿ ಇಂದಿಗೂ ವಿರಳ.

ಮೂರೂ ದಾರಿಗಳಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿ ಎದುರಿಸುವ ಕಠಿಣ ಘಟ್ಟ ಹನ್ನೊಂದನೆಯ ತರಗತಿ. ಅಲ್ಲಿ ವಿಜ್ಞಾನದ ಪಾಠಗಳು ಇಂಗ್ಲಿಷಿನಲ್ಲಿ ಆರಂಭವಾಗುತ್ತವೆ. ಹಿಂದೆ ಬೀಳುವ ಮಗುವಿಗೆ ಬುದ್ಧಿ ಕಡಿಮೆಯೆಂದು ಪಾಲಕರು ಭಾವಿಸುವುದುಂಟು. ಕೊರತೆಯಿರುವುದು ಕೆಲವು ನೂರು ಪದಗಳದು. ಎಂಟನೆಯ ತರಗತಿಯಿಂದಲೇ ಒಂದು ಪುಟ್ಟ ನೋಟುಪುಸ್ತಕದಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದಿಟ್ಟುಕೊಂಡು ಬಂದ ವಿದ್ಯಾರ್ಥಿ ಈ ಘಟ್ಟವನ್ನು ಬಹಳಷ್ಟು ಸುಲಭವಾಗಿ ದಾಟುತ್ತಾನೆ.

1956ರ ಗೆರೆ ಮತ್ತು ಇಂದಿನ ಅರ್ಜಿ

ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ಭಾಗಗಳಾಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಸೇರಿದವು. ಆ ಗೆರೆಯ ಪರಿಣಾಮ ಇಂದಿನ ಪ್ರವೇಶದ ಅರ್ಜಿಗಳಲ್ಲಿಯೂ ಕಾಣುತ್ತದೆ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಮೀಸಲಾತಿ ಬೀದರ, ಕಲಬುರಗಿ ಮೊದಲಾದ ಜಿಲ್ಲೆಗಳ ನಿವಾಸಿಗಳಿಗಿದೆ. ಒಂದು ಕಾಲಕ್ಕೆ ಅದೇ ಜಿಲ್ಲೆಯಲ್ಲಿದ್ದ ಉದಗೀರದವರಿಗೆ ಇಲ್ಲ. ಕರ್ನಾಟಕದ ಸಿಇಟಿಯ ಗಡಿನಾಡ ಕನ್ನಡಿಗರ ನಿಯಮವು ಮಹಾರಾಷ್ಟ್ರದಲ್ಲಿ ಬಹುಕಾಲದಿಂದ ಹೆಸರಿಸುತ್ತ ಬಂದಿರುವುದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳನ್ನು. ಈ ಮೂರು ತಾಲೂಕುಗಳು ಆ ಪಟ್ಟಿಯ ಹೊರಗಿವೆ.

ಪಾಲಕರು ವಿಶೇಷವಾಗಿ ಎಚ್ಚರವಹಿಸಬೇಕಾದ ಸಂಗತಿ ಇನ್ನೊಂದಿದೆ. ಮಹಾರಾಷ್ಟ್ರದ ರಾಜ್ಯ ಕೋಟಾದ ಎಂಬಿಬಿಎಸ್ ಸೀಟಿಗೆ ಸಾಮಾನ್ಯ ನಿಯಮದಂತೆ ಹತ್ತು ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಆ ರಾಜ್ಯದಲ್ಲಿಯೇ ತೇರ್ಗಡೆಯಾಗಿರಬೇಕು. ಕರ್ನಾಟಕದ ಸಾಮಾನ್ಯ ನಿಯಮಕ್ಕೆ ಅಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಹತ್ತನೆಯ ತರಗತಿಯನ್ನು ಉಮರ್ಗಾದಲ್ಲಿ ಮುಗಿಸಿ ಪಿಯುಸಿಗಾಗಿ ಬೀದರಿಗೆ ಹೋದ ವಿದ್ಯಾರ್ಥಿ ಎರಡೂ ಕಡೆಯ ಅರ್ಹತೆಯನ್ನು ಕಳೆದುಕೊಳ್ಳುವ ಸಂಭವವಿದೆ. ತಂದೆ ತಾಯಿಯರ ಶಿಕ್ಷಣ ಮತ್ತು ವಾಸ್ತವ್ಯವನ್ನು ಆಧರಿಸಿದ ಬೇರೆ ಕಲಮುಗಳು ಕರ್ನಾಟಕದಲ್ಲಿವೆ. ಕಾಲೇಜಿನ ಶುಲ್ಕ ಕಟ್ಟುವ ಮೊದಲೇ ಆ ವರ್ಷದ ನಿಯಮಪುಸ್ತಕವನ್ನು ಓದುವುದು ಕ್ಷೇಮ.

ಇನ್ನು ಎದುರಿನ ಚಿತ್ರವನ್ನು ನೋಡಬಹುದು. ನಿಮ್ಹಾನ್ಸ್, ಸಿಸಿಎಂಬಿ, ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವೆಲ್ಲ ಕೇಂದ್ರದ ನೆರವಿನ ರಾಷ್ಟ್ರೀಯ ಸಂಸ್ಥೆಗಳು; ಸಂಶೋಧನೆಯ ಪ್ರವೇಶ ಅಖಿಲ ಭಾರತ ಮಟ್ಟದ್ದು. ವೈದ್ಯಕೀಯ ಸ್ನಾತಕೋತ್ತರ ಶಿಕ್ಷಣದಲ್ಲಿಯೂ ನಿವಾಸವನ್ನು ಆಧರಿಸಿದ ಮೀಸಲಾತಿ ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿ 29ರಂದು ತನ್ವಿ ಬೆಹಲ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಶಿಕ್ಷಣದ ಏಣಿಯಲ್ಲಿ ಮೇಲೆ ಹೋದಂತೆ ಗಡಿಗೆರೆ ಮಸುಕಾಗುತ್ತ ಹೋಗುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಸೀಟು ತಪ್ಪಿತೆಂದು ವಿಜ್ಞಾನವನ್ನೇ ಬಿಟ್ಟವರು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೆರೆಯುವ ಬಾಗಿಲನ್ನು ಕಾಣದೆ ಹೋಗುತ್ತಾರೆ.

ಎರಡು ಭಾಷೆ ಬಲ್ಲವರ ಬೆಲೆ

ನರ-ಸ್ನಾಯು ರೋಗಗಳ ಸಂಶೋಧನೆಗೆ ಯಂತ್ರಗಳಷ್ಟೇ ಮನೆತನದ ವೃತ್ತಾಂತವೂ ಬೇಕು. ತಾಯಿಯ ತವರಿನಲ್ಲಿ ಯಾರಾದರೂ ಹುಡುಗ ಚಿಕ್ಕಂದಿನಲ್ಲಿಯೇ ನಡೆಯಲಾಗದೆ ತೀರಿಕೊಂಡಿದ್ದನೆ? ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಯಾಗಿದೆಯೆ? ಡುಶೇನ್ ರೋಗದ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ತಾಯಿ ವಾಹಕಿಯಾಗಿರಬಹುದು. ಆಗ ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧದಷ್ಟು. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಜೀನಿನ ದೋಷ ಹೊಸದಾಗಿ ಹುಟ್ಟಿರುತ್ತದೆ. ತಾಯಿಯಲ್ಲಿ ಏನೂ ಇರುವುದಿಲ್ಲ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ ತಂದೆ ತಾಯಿ ಇಬ್ಬರೂ ವಾಹಕರಾಗಿರಬೇಕಾದುದರಿಂದ, ರಕ್ತಸಂಬಂಧದ ಮದುವೆಗಳಲ್ಲಿ ಅದರ ಸಂಭವ ಹೆಚ್ಚುತ್ತದೆ. ಈ ವ್ಯತ್ಯಾಸವನ್ನು ಸೊಸೆಯ ಮೇಲೆ ಅಪವಾದ ಬಾರದಂತೆ, ಮನೆಯ ಅಜ್ಜಿಗೂ ತಿಳಿಯುವಂತೆ ವಿವರಿಸಲು ಆ ಮನೆಯ ಭಾಷೆಯೇ ಬೇಕು.

ಕಾನೂನಿನ ಅಪೇಕ್ಷೆಯೂ ಇದೇ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಂತೆ, ಪ್ರಯೋಗದಲ್ಲಿ ಪಾಲ್ಗೊಳ್ಳುವವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಿರಿಯರಿಂದ ಒಂದಿಷ್ಟು ದಖನಿ ಕಲಿತ ಗಡಿಭಾಗದ ಯುವಕ ಯುವತಿಯರು ಬೀದರ, ಲಾತೂರ, ಕಲಬುರಗಿಗಳಿಂದ ಬರುವ ರೋಗಿಗಳೊಡನೆ ನೇರವಾಗಿ ಮಾತನಾಡಬಲ್ಲರು. ಶಾಲೆಯಲ್ಲಿ ಹೊರೆಯೆನಿಸಿದ್ದ ಬಹುಭಾಷೆ ಇಲ್ಲಿ ಅರ್ಹತೆಯಾಗುತ್ತದೆ.

ಮನೆಯಲ್ಲಿಯೇ ಅಂಥ ಮಗುವಿದ್ದರೆ

ಈ ಸಂಶೋಧನೆಯ ಫಲ ಮನೆಬಾಗಿಲಿಗೆ ಬರಲು ಆರಂಭಿಸಿದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ ಕೊಡುವ ರಿಸ್ಡಿಪ್ಲಾಮ್ ಔಷಧದ ಒಂದು ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಅದನ್ನು ಭಾರತದಲ್ಲಿ ತಯಾರಿಸುವುದಕ್ಕೆ ತಡೆಯಾಜ್ಞೆ ಕೊಡಲು ದೆಹಲಿ ಹೈಕೋರ್ಟ್ 2025ರಲ್ಲಿ ನಿರಾಕರಿಸಿತು. ನಂತರ ಹೈದರಾಬಾದಿನ ಕಂಪನಿಯೊಂದರ ಔಷಧ ಸುಮಾರು 16 ಸಾವಿರ ರೂಪಾಯಿಗೆ ಮಾರುಕಟ್ಟೆಗೆ ಬಂದಿತು.

2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಲ್ಲಿ ಡುಶೇನ್ ಮತ್ತು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎರಡೂ ಸೇರಿವೆ. ಈ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಸಿಡಿಎಫ್‌ಡಿ ಮತ್ತು ನಿಮ್ಸ್, ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ಅಲ್ಲಿ ನೋಂದಾಯಿತ ರೋಗಿಗೆ ಗರಿಷ್ಠ 50 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ನೆರವು ದೊರೆಯಲು ಅವಕಾಶವಿದೆ. ಡುಶೇನ್ ರೋಗದ ಸಂಶಯಕ್ಕೆ ಮೊದಲ ಹೆಜ್ಜೆ ಕ್ರಿಯಾಟಿನ್ ಕೈನೇಸ್ ಎಂಬ ಸಾಮಾನ್ಯ ರಕ್ತ ಪರೀಕ್ಷೆ. ತಾಲೂಕಿನ ವೈದ್ಯರೂ ಅದನ್ನು ಬರೆದುಕೊಡಬಲ್ಲರು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016, ಮಸ್ಕ್ಯುಲರ್ ಡಿಸ್ಟ್ರೋಫಿಯನ್ನು ಹೆಸರಿಸಿಯೇ ತನ್ನ ಅನುಸೂಚಿಯಲ್ಲಿ ಸೇರಿಸಿದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ 31ನೆಯ ಕಲಮಿನಂತೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಮೆಟ್ಟಿಲು ಹತ್ತಲಾಗದ ಹುಡುಗನ ತರಗತಿಯನ್ನು ಕೆಳಮಹಡಿಗೆ ತರಬೇಕೆಂದು ಕೇಳುವುದು ಬೇಡಿಕೊಳ್ಳುವಿಕೆಯಲ್ಲ. 32ನೆಯ ಕಲಮಿನಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಇಂಥ ವಿದ್ಯಾರ್ಥಿಗಳಿಗೆ ಕನಿಷ್ಠ ಶೇ. 5 ಸ್ಥಾನಗಳನ್ನು ಕಾದಿರಿಸಬೇಕು. ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆಯೂ ಇದೆ. ಜೀನ್‌ಗಳ ಅಕ್ಷರಮಾಲೆಯನ್ನು ಕಂಪ್ಯೂಟರಿನಲ್ಲಿ ಓದುವ ಜೈವಿಕ ಮಾಹಿತಿ ವಿಜ್ಞಾನಕ್ಕೆ ಬಲವಾದ ಕಾಲುಗಳು ಬೇಕಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತ ಹುಡುಗ ತನ್ನದೇ ರೋಗದ ಸಂಶೋಧಕನಾಗುವುದಕ್ಕೆ ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ.

ಶಾಲೆಗಳು ಈ ವರ್ಷ ಮಾಡಬಹುದಾದ ಕೆಲಸಗಳು ಚಿಕ್ಕವು. ಅನುವಂಶೀಯತೆಯ ಪಾಠವನ್ನು ಕಲಿಸುವ ದಿನ ಡಿಸ್ಟ್ರೋಫಿನ್‌ನ ಉದಾಹರಣೆಯನ್ನು ಸೇರಿಸುವುದು. ಸಿಯುಇಟಿ, ನೀಟ್, ಇನ್‌ಸ್ಪೈರ್‌ಗಳ ಅರ್ಜಿಯ ತಿಂಗಳುಗಳನ್ನು ಫಲಕದ ಮೇಲೆ ಬರೆದಿಡುವುದು. ಎರಡು ಭಾಷೆಗಳ ಪದಪಟ್ಟಿಯನ್ನು ಎಂಟನೆಯ ತರಗತಿಯಿಂದ ಆರಂಭಿಸುವುದು. ಆಟದ ಮೈದಾನದಲ್ಲಿ ತೊಡೆಯ ಮೇಲೆ ಕೈಯೂರಿ ಏಳುವ ಹುಡುಗನನ್ನು ಸೋಮಾರಿಯೆಂದು ಗದರಿಸದೆ ಪಾಲಕರನ್ನು ಕರೆದು ರಕ್ತ ಪರೀಕ್ಷೆಗೆ ಕಳುಹಿಸುವುದು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ.